ಪ್ರತಿಕ್ರಿಯೆ: ಮೇ ತಿಂಗಳ ಅಡಿಕೆ ಮೋಸ, ಆಗಸ್ಟ್‌ನ ಎಫ್‌ಐಆರ್

ಶಿರಸಿಯಲ್ಲಿ 2024ರ ಮೇನಲ್ಲಿ ಅಡಿಕೆ ವ್ಯವಹಾರದಲ್ಲಿ ಮೋಸ ಆಗಿದೆ, ಎಫ್‌ಐಆರ್ ಆಗಿದ್ದು ಆಗಸ್ಟ್‌ನಲ್ಲಿ, ಆರೋಪಿ ಪರ ನಿರೀಕ್ಷಣಾ ಜಾಮೀನಿಗೆ (ಬಂಧನಕ್ಕೆ ಮೊದಲೇ ಕೇಳುವ ಜಾಮೀನು) ಹಳೆ ಕಾನೂನೋ ಹೊಸದೋ ಅಂತ ಕೇಳಿದ್ದೀರಿ. ಎರಡೂ ಬೇಕು. ಹೊಸ ಕಾನೂನುಗಳು ಜಾರಿಗೆ ಬಂದಿದ್ದು 2024ರ ಜುಲೈ 1ಕ್ಕೆ: ಅಪರಾಧ, ಶಿಕ್ಷೆ ಹೇಳುವ ಐಪಿಸಿ ಬದಲಿಗೆ ಬಿಎನ್‌ಎಸ್, ತನಿಖೆ, ಜಾಮೀನಿನ ವಿಧಾನ ಹೇಳುವ ಸಿಆರ್‌ಪಿಸಿ ಬದಲಿಗೆ ಬಿಎನ್‌ಎಸ್‌ಎಸ್, ಜೊತೆಗೆ ಹೊಸ ಸಾಕ್ಷ್ಯ ಕಾಯ್ದೆ. ಕೃತ್ಯ ಅದಕ್ಕಿಂತ ಹಿಂದಿನದು, ಹಾಗಾಗಿ ಅಪರಾಧ ಐಪಿಸಿ 420ರ ವಂಚನೆಯದ್ದೇ. ಪೊಲೀಸರು ಅದರ ಬದಲು ವಂಚನೆಯ ಹೊಸ ಕಲಂ ಬಿಎನ್‌ಎಸ್ 318(4) ಹಾಕಿದ್ದರೆ ಅರ್ಜಿಯಲ್ಲಿ ಅದನ್ನು ಎತ್ತಿ ತೋರಿಸಿ. ಆದರೆ ತನಿಖೆ ಶುರುವಾಗಿದ್ದೇ ಜುಲೈ ಆದಮೇಲೆ ಅಲ್ವಾ, ಅದಕ್ಕೆ ಜಾಮೀನು ಅರ್ಜಿ ಬಿಎನ್‌ಎಸ್‌ಎಸ್ ಕಲಂ 482ರಲ್ಲಿ, ಸಿಆರ್‌ಪಿಸಿಯ 438ರಲ್ಲಿ ಅಲ್ಲ. ಇಲ್ಲೇ ಹಳಬರೂ ಎಡವುತ್ತಾರೆ, ಯಾಕಂದ್ರೆ ಸಿಆರ್‌ಪಿಸಿಯಲ್ಲಿ 482 ಅಂದರೆ ಕೇಸು ರದ್ದು ಮಾಡಿಸಲು ಹೈಕೋರ್ಟಿಗೆ ಹೋಗುವ ಕಲಂ, ಅದೀಗ 528 ಆಗಿದೆ. ರದ್ದತಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಹೈಕೋರ್ಟಿನ ಧಾರವಾಡ ಪೀಠಕ್ಕೇ ಹೋಗಬೇಕು. ಜಾಮೀನಿಗೆ ಮೊದಲು ಸೆಷನ್ಸ್ ಕೋರ್ಟ್ ನೋಡಿ.

ವಾಟ್ಸ್‌ಆ್ಯಪ್‌ನಲ್ಲಿ ರೇಟು ಮಾತಾಡಿದ್ದರೆ, ವಿಚಾರಣೆ ಹೊತ್ತಿಗೆ ಸುಮ್ನೆ ಪ್ರಿಂಟ್ ಲಗತ್ತಿಸಿದರೆ ಸಾಲದು. ಹೊಸ ಸಾಕ್ಷ್ಯ ಕಾಯ್ದೆಯ 63(4)ರ ಪ್ರಮಾಣಪತ್ರ ಬೇಕು: ಎ ಭಾಗಕ್ಕೆ ಹಾಜರುಪಡಿಸುವವರ ಸಹಿ, ಬಿ ಭಾಗಕ್ಕೆ ತಜ್ಞರದ್ದು, ಜೊತೆಗೆ ಹ್ಯಾಶ್ ಮೌಲ್ಯ (ಕಡತ ತಿದ್ದಿಲ್ಲ ಅಂತ ಪರಿಶೀಲಿಸಲು ಬಳಸುವ ಗುರುತಿನ ಸಂಕೇತ). ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆ ಹಾಕಿದರೆ ಆಕ್ಷೇಪಣೆ ಗ್ಯಾರಂಟಿ. ಫೋನ್ ಬದಲಾಯಿಸಬೇಡಿ, ಚಾಟ್ ಅಳಿಸಬೇಡಿ ಅಂತ ಕಕ್ಷಿದಾರರಿಗೆ ಇವತ್ತೇ ಹೇಳಿಬಿಡಿ.