26 ವಾರ ಹೆರಿಗೆ ರಜೆ ನಮ್ಮಲ್ಲೇ ಇರುವಾಗ ಸ್ವೀಡನ್‌ನಿಂದ ಕಲಿಯೋದೇನಿದೆ?

ತುಂಬಾ ಇದೆ, ಆದ್ರೆ ವಾರದ ಲೆಕ್ಕದಲ್ಲಿ ಅಲ್ಲ. ನಾನು ಬೆಂಗಳೂರಲ್ಲಿ ಪೇರೋಲ್ (ಸಂಬಳದ ಲೆಕ್ಕ) ಕೆಲಸ ಮಾಡ್ತೀನಿ, ನನ್ನ ಕೇಳಿದ್ರೆ ರಜೆ ಎಷ್ಟು ದಿನ ಅನ್ನೋದಕ್ಕಿಂತ ಆ ದಿನಗಳ ಸಂಬಳ ಯಾರ ಜೇಬಿಂದ ಹೋಗತ್ತೆ ಅನ್ನೋದನ್ನ ಮೊದಲು ನೋಡ್ಬೇಕು.

2017ರ ತಿದ್ದುಪಡಿಲಿ 12 ವಾರ ಇದ್ದಿದ್ದು 26 ಆಯ್ತು (ಮೊದಲೆರಡು ಮಕ್ಕಳಿಗೆ), ಒಳ್ಳೇದೇ, ಅಮೆರಿಕದ ಫೆಡರಲ್ ಕಾನೂನಲ್ಲಿ ಇವತ್ತಿಗೂ ಸಿಗೋದು 12 ವಾರ, ಅದೂ ಸಂಬಳ ಇಲ್ದೆ. ಆದ್ರೆ ಇಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ದೋರಿಗೆ ಆ ಆರು ತಿಂಗಳ ಸಂಬಳ ಪೂರ್ತಿ ಕಂಪನಿನೇ ಕೊಡ್ಬೇಕು. ಹದಿನೈದು ಜನ ಇರೋ ಸಣ್ಣ ಆಫೀಸಿನ ಓನರ್ ಇಂಟರ್‌ವ್ಯೂನಲ್ಲೇ "ಮದ್ವೆ ಆಗಿ ಎಷ್ಟು ವರ್ಷ ಆಯ್ತಮ್ಮ, ಮಕ್ಕಳು?" ಅಂತ ಕೇಳೋದು ಇದಕ್ಕೇ, ನಾನೇ ಪಕ್ಕದಲ್ಲಿ ಕೂತು ಕೇಳಿಸ್ಕೊಂಡಿದೀನಿ, ಹೊಟ್ಟೆ ಉರಿಯತ್ತೆ.

ಸ್ವೀಡನ್‌ನಲ್ಲಿ ಗಂಡಾಗ್ಲಿ ಹೆಣ್ಣಾಗ್ಲಿ, ಪ್ರತಿ ನೌಕರರ ಸಂಬಳದ ಮೇಲೂ ಕಂಪನಿ ಸಾಮಾಜಿಕ ವಿಮೆಗೆ ಕಟ್ಟತ್ತೆ, ಮಗು ಆದಾಗ ದುಡ್ಡು ಬರೋದು ಸರ್ಕಾರಿ ವಿಮಾ ಸಂಸ್ಥೆಯಿಂದ. ಅಲ್ಲಿಗೆ ಓನರ್‌ಗೆ ಆ ಪ್ರಶ್ನೆ ಕೇಳೋ ಕಾರಣದಲ್ಲಿ ದೊಡ್ಡದೊಂದು ಹೋಯ್ತಲ್ಲ. ಮತ್ತೆ ಇದು ನಮಗೆ ಹೊಸದೂ ಅಲ್ಲ, ಇಎಸ್‌ಐ ನಡೆಯೋದೇ ಹೀಗೆ! ಕಂಪನಿ 3.25%, ನೌಕರರು 0.75% ಕಟ್ತಾರೆ, ಪೀಣ್ಯದ ಗಾರ್ಮೆಂಟ್ಸ್ ಹೆಣ್ಮಗಳಿಗೆ 26 ವಾರದ ದುಡ್ಡು ಇಎಸ್‌ಐನಿಂದಾನೇ ಬರತ್ತೆ. ಆದ್ರೆ ತಿಂಗಳಿಗೆ 21,000 ಮೀರಿ ಸಂಬಳ ಇರೋರು ಇದರಿಂದ ಹೊರಗೆ. ಹೆರಿಗೆ ವಿಷಯಕ್ಕಾದ್ರೂ ಆ ಮಿತಿ ತೆಗೀಬೇಕು ಅಂತ ನಾನು ಎಲ್ಲರ ಹತ್ರಾನೂ ಹೇಳ್ತಿರ್ತೀನಿ.

ಇನ್ನು ಅಪ್ಪಂದಿರ ರಜೆ. ಸ್ವೀಡನ್ 1974ರಲ್ಲೇ ಅಪ್ಪ ಅಮ್ಮ ಹಂಚ್ಕೊಂಡು ತಗೊಳ್ಳಿ ಅಂತು, ತಗೊಂಡ ಅಪ್ಪಂದಿರು ತೀರಾ ಕಮ್ಮಿ. 1995ರಲ್ಲಿ ಒಂದು ತಿಂಗಳನ್ನ ಒಬ್ಬೊಬ್ಬರಿಗೂ ಕಾದಿಟ್ರು, ಅಪ್ಪ ತಗೊಳ್ಳಲಿಲ್ವಾ, ಆ ದಿನ ಹೋಯ್ತು, ಅಮ್ಮನಿಗೂ ಸಿಗಲ್ಲ. 2002, 2016ರಲ್ಲಿ ಅದನ್ನೇ ಬೆಳೆಸಿ ಈಗ ಒಂದು ಮಗುವಿಗೆ ಸಿಗೋ ಒಟ್ಟು 480 ದಿನದಲ್ಲಿ ಇಬ್ಬರಿಗೂ 90-90 ದಿನ ಹಾಗೆ ಮೀಸಲು, ಒಟ್ಟು ರಜೆಯಲ್ಲಿ ಸುಮಾರು 30% ಅಪ್ಪಂದಿರದ್ದು. ನಮ್ಮಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ, ಖಾಸಗಿಯವರಿಗೆ ಕಾನೂನಿನ ಪ್ರಕಾರ ಏನೂ ಇಲ್ಲ, ಬಾಣಂತಿ ಮನೇಲಿರುವಾಗ ಗಂಡ ಲೀವ್ ಕೇಳಿದ್ರೆ "ನಿಮ್ಮತ್ತೆ ಇಲ್ವಾ" ಅಂತಾರೆ.

ಅವರು ನಮ್ಮಿಂದ ನೋಡೋದೂ ಇದೆ. ಅವರ ವಿಮೆಯಲ್ಲಿ ಮೊದಲು ಸಂಬಳ ಇದ್ದವರಿಗೇ ಒಳ್ಳೇ ದುಡ್ಡು, ಇಲ್ದೋರಿಗೆ ಸಿಗೋದು ಸ್ವಲ್ಪ. ಕೂಲಿ ಮಾಡೋ ಹೆಂಗಸಿಗೆ ಪೇಸ್ಲಿಪ್ ಎಲ್ಲಿಂದ ಬರ್ಬೇಕು? ಕರ್ನಾಟಕದಲ್ಲಿ ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಮಕ್ಕಳಿಗೆ ಅಂತ ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಅನ್ನೋ ಮಕ್ಕಳನ್ನ ನೋಡ್ಕೊಳ್ಳೋ ಕೇಂದ್ರ ಶುರು ಮಾಡಿದಾರೆ. ನಿಮ್ಮೂರಿನ ಪಂಚಾಯ್ತಿಲಿ ಇದ್ಯಾ ಅಂತ ಒಂದ್ಸಲ ವಿಚಾರಿಸಿ, ಇಲ್ದಿದ್ರೆ ಗ್ರಾಮಸಭೆಲಿ ಕೇಳಿ.