ಪ್ರಸಿದ್ಧ ರಾಕ್ ಸಂಗೀತಗಾರರು ಶ್ರೀಮಂತರ ಖಾಸಗಿ ಪಾರ್ಟಿಗಳಲ್ಲಿ ಹಾಡುವುದು ಸರಿಯೇ?
ಹಾಡಬಹುದು, ತಪ್ಪೇನೂ ಇಲ್ಲ. ಆದರೆ ಕೊಡುವ ಹಣ ಯಾರದು, ಎಲ್ಲಿಂದ ಬಂತು ಎಂದು ವಿಚಾರಿಸದೆ ಹಾಡಬಾರದು.

ಅವರು ಒಪ್ಪಿಕೊಳ್ಳಲು ಕಾರಣ ಸರಳ ಲೆಕ್ಕ. ಕ್ರೀಡಾಂಗಣದ ಪ್ರದರ್ಶನವಾದರೆ ಟಿಕೆಟ್ ಹಣದಲ್ಲಿ ಬಾಡಿಗೆ, ಲಾರಿಗಟ್ಟಲೆ ಸಲಕರಣೆಗಳ ಸಾಗಣೆ, ಧ್ವನಿ ಬೆಳಕಿನ ಸಿಬ್ಬಂದಿಯ ಸಂಬಳ ಎಲ್ಲವನ್ನೂ ಕಳೆಯಬೇಕು. ಖಾಸಗಿ ಸಮಾರಂಭದಲ್ಲಿ ಸಾಮಾನ್ಯವಾಗಿ ಆ ಖರ್ಚು ಕರೆದವರದೇ; ಸಂಭಾವನೆಯ ಬಹುಪಾಲು ಕೈಯಲ್ಲೇ ಉಳಿಯುತ್ತದೆ. 2002ರಲ್ಲಿ ಹೂಡಿಕೆದಾರ ಡೇವಿಡ್ ಬಾಂಡರ್‌ಮನ್ ಅವರ ಅರವತ್ತನೇ ಹುಟ್ಟುಹಬ್ಬಕ್ಕೆ ರೋಲಿಂಗ್ ಸ್ಟೋನ್ಸ್ ತಂಡ ಲಾಸ್ ವೇಗಸ್‌ನಲ್ಲಿ ಹಾಡಿತು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಇಂಗ್ಲೆಂಡಿನ ರಾಕ್ ಗಾಯಕ ಸ್ಟಿಂಗ್ ಅವರ ವಿಷಯ ಬೇರೆ. 1988ರಲ್ಲಿ ಮಾನವ ಹಕ್ಕುಗಳಿಗಾಗಿ ದುಡಿಯುವ ಆಮ್ನೆಸ್ಟಿ ಸಂಸ್ಥೆಯ ಸಂಗೀತ ಪ್ರವಾಸದಲ್ಲಿ ಹಾಡಿದ್ದ ಅವರೇ 2009ರಲ್ಲಿ ತಾಷ್ಕೆಂಟಿಗೆ ಹೋಗಿ, ಉಜ್ಬೇಕಿಸ್ತಾನದ ಅಂದಿನ ಸರ್ವಾಧಿಕಾರಿ ಇಸ್ಲಾಂ ಕರಿಮೊವ್ ಅವರ ಮಗಳು ಏರ್ಪಡಿಸಿದ ಕಾರ್ಯಕ್ರಮದಲ್ಲಿ ಹಾಡಿದರು. ಶಾಲೆಯ ಮಕ್ಕಳನ್ನು ಹತ್ತಿ ಬಿಡಿಸಲು ಹೊಲಕ್ಕೆ ಅಟ್ಟುತ್ತಿದ್ದ ಆಡಳಿತ ಅದು. ಇಂಥ ಕಡೆ ಹಾಡಿನ ಜೊತೆಗೆ ಹಾಡುವವರ ಒಳ್ಳೆಯ ಹೆಸರೂ ಮಾರಾಟವಾಗುತ್ತದೆ. ಸಾಂಸ್ಕೃತಿಕ ಬಹಿಷ್ಕಾರದಿಂದ, ಅಂದರೆ ಅಂಥ ದೇಶಗಳಲ್ಲಿ ಹಾಡಲು ನಿರಾಕರಿಸುವುದರಿಂದ, ಪ್ರಯೋಜನವಿಲ್ಲ ಎಂಬ ಸ್ಟಿಂಗ್ ಅವರ ಸಮರ್ಥನೆಯನ್ನು ನಾನಂತೂ ಒಪ್ಪಲಾರೆ.

ಪಾಪ್ ಗಾಯಕಿ ನೆಲ್ಲಿ ಫರ್ಟಾಡೊ ನಡೆದುಕೊಂಡ ರೀತಿ ನನಗೆ ಹೆಚ್ಚು ಹಿಡಿಸಿತು. 2007ರಲ್ಲಿ ಇಟಲಿಯ ಹೋಟೆಲೊಂದರಲ್ಲಿ ಲಿಬಿಯಾದ ಅಂದಿನ ಸರ್ವಾಧಿಕಾರಿ ಗದ್ದಾಫಿಯ ಕುಟುಂಬದವರಿಗಾಗಿ 45 ನಿಮಿಷ ಹಾಡಿ ಹತ್ತು ಲಕ್ಷ ಡಾಲರ್ ಪಡೆದಿದ್ದನ್ನು 2011ರಲ್ಲಿ ತಾವೇ ಬಹಿರಂಗಪಡಿಸಿ, ಅಷ್ಟನ್ನೂ ದಾನ ಮಾಡುವುದಾಗಿ ಹೇಳಿದರು.