ಕಣ ಕಾಯುವಾಗ ಕೊಲೆಯಾದರೆ ವಿಮೆ ಬರುತ್ತದಾ?

ಪ್ರಶ್ನೆ: ನಮ್ಮ ಭಾವ ರಾತ್ರಿ ಅಡಿಕೆ ಕಣ ಕಾಯಲು ಮಲಗಿದ್ದರು. ಚೀಲ ಹೊತ್ತೊಯ್ಯಲು ಬಂದವರನ್ನು ತಡೆದಾಗ ಕತ್ತಿಯಿಂದ ಕಡಿದರು. ಶಿವಮೊಗ್ಗ ಮುಟ್ಟುವ ಮೊದಲೇ ಭಾವ ತೀರಿಕೊಂಡರು. 10 ಲಕ್ಷದ ಅಪಘಾತ ವಿಮೆ ಇತ್ತು. ‘ಇದು ಕೊಲೆ, ಅಪಘಾತ ಅಲ್ಲ’ ಎಂದು ಕಂಪನಿ ಪತ್ರ ಕಳಿಸಿದೆ. ಅಕ್ಕ ಆಸೆ ಬಿಟ್ಟಿದ್ದಾಳೆ.
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆಸೆ ಬಿಡುವಂಥದ್ದು ಏನೂ ಆಗಿಲ್ಲ. ಇಂಥ ಪತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅರ್ಧ ಜನ ಅದನ್ನೇ ಕೋರ್ಟಿನ ತೀರ್ಪು ಅಂದುಕೊಂಡು ಕೈಬಿಡುತ್ತಾರೆ.

ಕಡಿದವನಿಗೆ ಅದು ಅಪಘಾತವಲ್ಲ, ಒಪ್ಪೋಣ. ನಿಮ್ಮ ಭಾವನಿಗೆ? ಅವರೇನು ಸಾಯಲು ಹೋಗಿ ಕಣದಲ್ಲಿ ಮಲಗಿದ್ದರಾ? ಪಾಲಿಸಿಯಲ್ಲಿ ಅಪಘಾತ ಅಂದರೆ ಸಾಮಾನ್ಯವಾಗಿ ಹಠಾತ್ತಾಗಿ, ನೆನೆಸದೆ, ಹೊರಗಿನಿಂದ ಬಿದ್ದ ಪೆಟ್ಟು ಎಂದಿರುತ್ತದೆ. ಹೊಡೆದದ್ದು ಮರವಾ ಮನುಷ್ಯನಾ ಅಂತ ಅದು ಕೇಳುವುದಿಲ್ಲ.

ನಾಗಾಲ್ಯಾಂಡಿನ ದಿಮಾಪುರದಲ್ಲಿ ಆಟೋ ಕದಿಯಲು ಪ್ರಯಾಣಿಕರೇ ಡ್ರೈವರನ್ನು ಕೊಂದಿದ್ದರು. 2000ದಲ್ಲಿ, ರೀಟಾ ದೇವಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಆ ವ್ಯಕ್ತಿಯನ್ನೇ ಕೊಲ್ಲಬೇಕೆಂದು ಬಂದಿದ್ದರೆ ಅದು ಬರೀ ಕೊಲೆ. ಬೇರೆ ಅಪರಾಧಕ್ಕೆ ಬಂದು, ಅದರ ನಡುವೆ ಕೊಂದಿದ್ದರೆ ಅಪಘಾತದ ಕೊಲೆ. ಅದು ಮೋಟಾರು ವಾಹನ ಕಾಯ್ದೆಯ ಕೇಸು, ನಿಮ್ಮದು ಪಾಲಿಸಿಯ ಕೇಸು. ಆದರೂ ನಿಮ್ಮ ಕಳ್ಳರು ಬಂದದ್ದು ಅಡಿಕೆಗೆ, ಭಾವನಿಗಲ್ಲ ಅಲ್ವಾ?

ಹಾಗಾಗಿ ಎಫ್‌ಐಆರ್ ಮತ್ತು ಚಾರ್ಜ್‌ಶೀಟ್ ಪ್ರತಿ ತೆಗೆದುಕೊಂಡು, ಕಳ್ಳತನದ ವಿಷಯ ಅದರಲ್ಲಿದೆಯಾ ನೋಡಿ. ‘ಹಳೇ ದ್ವೇಷ’ ಅಂತ ಬರೆದಿದ್ದರೆ ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ. ಯಾವ ಸಾವಿಗೆ ಹಣ ಕೊಡುವುದಿಲ್ಲ ಎಂದು ಪಾಲಿಸಿಯಲ್ಲಿ ಹೊರಗಿಟ್ಟ ಪಟ್ಟಿಯನ್ನೂ ಸಾಲುಸಾಲು ಓದಿ. ಆತ್ಮಹತ್ಯೆ, ಕುಡಿದ ಅಮಲು, ತಾನೇ ಮಾಡಿದ ಅಪರಾಧ ಹೆಚ್ಚಾಗಿ ಅಲ್ಲಿರುತ್ತವೆ. ಕೊಲೆ ಅಂತಲೇ ಇದ್ದರೆ ಮಾತ್ರ ದಾರಿ ಕಷ್ಟ. (ಗಡಿ ಜಗಳದಲ್ಲಿ ತಾನೇ ಮೊದಲು ಕತ್ತಿ ಎತ್ತಿ ಸತ್ತವರ ಮನೆಯವರೂ ನನಗೆ ಬರೆಯುತ್ತಾರೆ. ಅವರಿಗೆ ಈ ಉತ್ತರ ಅಲ್ಲ.)

ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳು ಕಾದರೂ ಒಪ್ಪದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿ) ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಡ. ಒಂದು ವರ್ಷದ ಗಡುವು ಮಾತ್ರ ಮೀರಬೇಡಿ. ಶಿವಮೊಗ್ಗದ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷ ಸಮಯವಿದೆ.

ಭಾವನ ಪಾಸ್‌ಬುಕ್ಕನ್ನೂ ತೆಗೆದು ನೋಡಿ. ಮೇ ಕೊನೆಯ ಹೊತ್ತಿಗೆ 20 ರೂಪಾಯಿ ಕಟ್ ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, 2 ಲಕ್ಷದ್ದು. ಅದರಲ್ಲಿ ಕೊಲೆಗೂ ಹಣ ಉಂಟು. ಅರ್ಜಿಗೆ 30 ದಿನ ಅಂತಾರೆ. ತಡವಾಗಿದ್ದರೆ ಕಾರಣ ಬರೆದು ಈ ವಾರವೇ ಬ್ಯಾಂಕಿಗೆ ಕೊಡಿ.